ಹುಮನಾಬಾದಿನಲ್ಲಿ ಎರಡು ಕಾರ್ಡು ನೋಡಿದ ದಿನ

ಮನ್ನಾಏಖೇಳ್ಳಿಯ ಮಹಾರುದ್ರಪ್ಪ ಮಗಳ ಮದುವೆಯ ಸೀಡಿಗಳನ್ನು ಕೌಂಟರಿನ ಮೇಲಿಟ್ಟರು. ಕುರ್ಚಿ ತೋರಿಸಿದರೂ ಕೂಡದೆ ನಿಂತೇ ಕೇಳಿದರು:

"ನನ್ನ ಮಗಳಿಗಿ ಕಾಮಾಲಿ ಆಗಿತ್ತೇನ್ರಿ?"

ಕೌಂಟರಿನ ಹಿಂದಿದ್ದ ಬಸವಕಿರಣನಿಗೆ ಅವರ ಮಾತು ತಿಳಿಯಲಿಲ್ಲ. ಒಂದು ಸೀಡಿ ತೆಗೆದು ಟಿ.ವಿ.ಗೆ ಹಾಕಿ ನೋಡಿದ. ಮದುಮಗಳು, ಅವಳ ಅತ್ತೆ, ಅಕ್ಷತೆ ಹಾಕುತ್ತಿದ್ದ ಮಂದಿ, ಎಲ್ಲರ ಮುಖವೂ ಅರಿಷಿಣದ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಹಂದರದ ಮಾವಿನ ಎಲೆಗಳು ಒಣಗಿದಂತೆ ಕಂಡವು.

"ತಪ್ಪಾಗ್ಯಾದ್ರಿ ಅಪ್ಪಾಜಿ. ಮತ್ತ ಮಾಡಿ ಕೊಡ್ತೀವ್ರಿ."

"ಬೀಗರ ಮನ್ಯಾಗ ಎಲ್ಲಾರೂ ಕುಂತು ನೋಡ್ಯಾರ. ನಕ್ಕಾರ. ಈಗ ಮತ್ತ ಮಾಡಿ ಕೊಟ್ರ ಆ ನಗಿ ವಾಪಸ್ ಬರ್ತದೇನ್ರಿ?"

ಅವರು ಹೋದ ಮೇಲೂ ಬಸವಕಿರಣ ಆ ಚಿತ್ರವನ್ನು ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಕೂತ. ಆ ಬೇಸಿಗೆಯಲ್ಲಿ ಹೀಗೆ ವಾಪಸ್ ಬಂದ ಕೆಲಸ ಇದೊಂದೇ ಆಗಿರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ ಅದು. ಬಸವಕಲ್ಯಾಣದ ಹಳೇ ಪೇಟೆಯಲ್ಲಿ, ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಬಸವಕಿರಣ ಮತ್ತು ಸಂಘರತ್ನರ ವಿಡಿಯೋ ಮಿಕ್ಸಿಂಗ್ ಅಂಗಡಿ ಇತ್ತು. ಬಸವಕಿರಣ ಮದುವೆಗಳಿಗೆ ಹೋಗಿ ಚಿತ್ರೀಕರಣ ಮಾಡಿಕೊಂಡು ಬರುತ್ತಿದ್ದ. ಅದನ್ನು ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ಬಣ್ಣ ತಿದ್ದಿ, ಹೂವು ಬೀಳುವ, ಬಾಗಿಲು ತೆರೆಯುವ ಚಮತ್ಕಾರ ಸೇರಿಸುವ ಕೆಲಸ ಸಂಘರತ್ನನದು. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಬಸವಕಿರಣನ ಮನೆಯವರು ಕಿರಾಣಿ ವ್ಯಾಪಾರದವರು. ಸಂಘರತ್ನನದು ಕೊಹಿನೂರು ಹಳ್ಳಿಯಿಂದ ಬಂದು ನೆಲೆಸಿದ ಕುಟುಂಬ. ಅವನ ತಂದೆ ತಾಯಿ ಕೂಲಿ ಮಾಡಿ ಓದಿಸಿದ್ದರು. ಇಬ್ಬರೂ ಸೇರಿ ಅಂಗಡಿ ಹಾಕಿದಾಗ ಎರಡೂ ಮನೆಗಳಲ್ಲಿ ಮುಖ ಗಂಟಿಕ್ಕಿದವರಿದ್ದರು. ಆದರೆ ಸಂಘರತ್ನನ ಕೈಯಿಂದ ಹೊರಬಂದ ಮದುವೆಗಳು ಬೀದರ್‌ವರೆಗೆ ಹೆಸರು ಮಾಡಿದ ಮೇಲೆ ಯಾರೂ ಮಾತಾಡಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಕಪ್ಪು ಹುಡುಗಿಯ ಮುಖವನ್ನು ಅವನು ಬೆಳ್ಳಗೆ ಮಾಡುತ್ತಿರಲಿಲ್ಲ, ಇದ್ದ ಬಣ್ಣದಲ್ಲೇ ಕಳೆ ತರುತ್ತಿದ್ದ. ಹುಡುಗಿಯರ ತಾಯಂದಿರು ಅದಕ್ಕಾಗಿಯೇ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಅಂಥವನ ಕೆಲಸ ಹಳದಿಯಾಗಿ ಬಂದಿತ್ತು.

"ಕಾರ್ಡ್ ಖರಾಬ ಆಗ್ಯಾದ," ಎಂದ ಸಂಘರತ್ನ, ಮಹಾರುದ್ರಪ್ಪನವರ ವಿಷಯ ಕೇಳಿ. ಕಂಪ್ಯೂಟರಿನ ಒಳಗೆ ಕೂತು ಪರದೆಯ ಮೇಲೆ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿನ ಮಾತು. "ನಾ ಇಲ್ಲಿ ಬರೋಬ್ಬರ ಮಾಡ್ತೀನಿ, ಅದು ನನಗ ಸುಳ್ಳು ತೋರಸ್ತದ. ಹಳೇ ಕಾರ್ಡು, ಕಿರಣ್ಯಾ. ಬಾಗಿಲ ತೆರಿಯೋ ಟೈಟಲ್ ಹಾಕಿದ್ರ ಮಷೀನು ಉಸಿರು ಬಿಡ್ತದ. ಹೊಸಾದು ತರಬೇಕು."

ಬಸವಕಿರಣ ನಂಬಿದ. ಬಣ್ಣದ ವಿಷಯದಲ್ಲಿ ಸಂಘರತ್ನನನ್ನು ನಂಬದೆ ಇರುವುದು ಅವನಿಗೆ ರೂಢಿ ಇರಲಿಲ್ಲ.

ಹೊಸ ಕಾರ್ಡು ಯಾವುದು ಎನ್ನುವುದನ್ನೂ ಸಂಘರತ್ನ ಆಗಲೇ ನಿಶ್ಚಯ ಮಾಡಿದ್ದ. ಹಿಂದಿನ ದಿನ ಸಂಜೆ ಮನೆಯಲ್ಲಿ ಹೆಂಡತಿ ಧನಶ್ರೀಯ ಕೈಗೆ ಕಂಪ್ಯೂಟರ್ ಪತ್ರಿಕೆ ಕೊಟ್ಟು ಓದಿಸಿದ್ದ. "ನನ್ನ ಕಣ್ಣು ದಿನಾ ಪರದಿ ನೋಡಿ ದಣಿದಾವ, ನೀ ಓದು" ಎಂದಿದ್ದ. ಅವಳು ಅಕ್ಷರ ಕೂಡಿಸಿಕೊಂಡು ಇಂಗ್ಲಿಷ್ ಓದುತ್ತಿದ್ದಳು, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಈ ವರ್ಷದ ಹೊಸ ಮಾದರಿ. ನೂರಾ ಇಪ್ಪತ್ತೆಂಟು ಎಂ.ಬಿ. ಮೆಮೊರಿ. ಇದರ ಎದುರಿಗೆ ನಿಲ್ಲುವ ಇನ್ನೊಂದು ಕಾರ್ಡು ಹಿಂದಿನ ವರ್ಷದ್ದು. ಮೆಮೊರಿ ಅರವತ್ನಾಲ್ಕು ಮಾತ್ರ. ಅವನ ಲೆಕ್ಕದಲ್ಲಿ ಕೇಳುವುದೇನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಸಂಘರತ್ನನ ಮೋಟಾರ್ ಸೈಕಲ್ ಮೇಲೆ ಹುಮನಾಬಾದಿಗೆ ಹೊರಟರು. ಹೆದ್ದಾರಿ ಹತ್ತಿದ ಮೇಲೆ ಸಂಘರತ್ನ ಒಂದು ಲಾರಿಯ ಹಿಂದೆಯೇ ಅಂಟಿಕೊಂಡಂತೆ ಹೋದ. ದಾರಿ ಖಾಲಿ ಇದ್ದರೂ ದಾಟಲಿಲ್ಲ. "ಏ, ಲಾರಿ ಕೂಡ ಲಗ್ನ ಆಗೀಯೇನ್ ಲೇ?" ಎಂದು ಹಿಂದೆ ಕೂತ ಬಸವಕಿರಣ ನಕ್ಕ.

ಅಜೀಮುದ್ದೀನ್‌ನ ಅಂಗಡಿ ಹುಮನಾಬಾದಿನ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ. ನಡುವಯಸ್ಸಿನ, ನಿಧಾನ ಮಾತಿನ ಮನುಷ್ಯ. ಹೈದರಾಬಾದಿನಿಂದ ಸಾಮಾನು ತರಿಸಿ ಸುತ್ತಲಿನ ಊರಿಗೆಲ್ಲ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ. ಇವರು ಕೇಳಿದ ಎರಡೂ ಕಾರ್ಡು ಅವನಲ್ಲಿದ್ದವು. ಸಂಘರತ್ನ ಹೊಸದರ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ಸವರಿ, "ಇದೇ ಕಟ್ರಿ, ಅಜೀಮ್ ಭಾಯಿ," ಎಂದ.

"ತಡೀರಿ. ಒಂದ್ಸಲ ಎರಡೂ ನೋಡ್ರಿ."

"ನೋಡೋದೇನದ್ರಿ? ಡಬಲ್ ಮೆಮೊರಿ ಅದ, ಹೊಸಾ ಮಾಲು ಅದ. ಡಬ್ಬಿ ಮ್ಯಾಲೇ ಬರದಾರ."

ಬಸವಕಿರಣ ಅವನ ಮುಖ ನೋಡಿದ. ಟಿ.ವಿ. ಕೊಳ್ಳುವಾಗ, ಕ್ಯಾಮೆರಾ ಕೊಳ್ಳುವಾಗ, ಕಡೆಗೆ ಅಂಗಡಿಯ ಗೋಡೆಗೆ ಬಣ್ಣ ಆರಿಸುವಾಗಲೂ ಅರ್ಧ ದಿನ ನಿಂತು ನೋಡಿ ಅಂಗಡಿಯವರ ತಲೆ ತಿಂದವನು ಇವನು.

"ಡಬ್ಬಿ ಮ್ಯಾಲ ಬರದದ್ದು ಖರೇನೇ ಅದ್ರಿ, ಆದ್ರ ಪೂರಾ ಬರದಿಲ್ಲ," ಎಂದ ಅಜೀಮುದ್ದೀನ್. "ಮೆಮೊರಿ ಅಂದ್ರ ಗೋದಾಮು ಅಂತ ತಿಳ್ಕೋರಿ. ಈ ಹೊಸಾದ್ರದು ದೊಡ್ಡ ಗೋದಾಮು. ಆದ್ರ ಬಾಗಿಲ ಸಣ್ಣದು, ಅರವತ್ನಾಲ್ಕು ಬಿಟ್ ಅಗಲ ಅಷ್ಟೇ. ಮಾಲು ಒಳಗ ಎಷ್ಟಿದ್ರೂ ಹೊರಗ ಬರ್ಲಾಕ ಪಾಳಿ ಹಚ್ಚಬೇಕು. ಆ ಹಳೇದ್ರದು ಸಣ್ಣ ಗೋದಾಮು, ಬಾಗಿಲ ಮಾತ್ರ ಡಬಲ್ ಅಗಲ. ಮ್ಯಾಲಿಂದ ಅದರ ಚಿಪ್ ಸುದ್ದಾ ಜೋರ್ ಓಡ್ತದ. ಹೊಸಾದಕ್ಕ ಹೊಸಾ ಹೊಸಾ ಎಫೆಕ್ಟು ಬರ್ತಾವ, ಹಳೇದಕ್ಕ ಬರಲ್ಲ, ಅದೂ ಖರೇ. ನಿಮ್ಮ ಕೆಲಸಕ್ಕ ಯಾವುದು ಬೇಕು ಅಂತ ಕಣ್ಣಾರೆ ನೋಡಿ ಒಯ್ರಿ. ನಾಳೆ ನನಗ ಬೈಬ್ಯಾಡ್ರಿ."

ಒಂದೇ ಥರದ ಎರಡು ಕಂಪ್ಯೂಟರುಗಳಿದ್ದವು. ಅಜೀಮುದ್ದೀನ್ ಎಡಗಡೆಯದಕ್ಕೆ ಹೊಸ ಕಾರ್ಡು, ಬಲಗಡೆಯದಕ್ಕೆ ಹಳೆಯದನ್ನು ಸಿಕ್ಕಿಸಿದ. ಬಸವಕಿರಣ ತಂದಿದ್ದ ಸೀಡಿಯಿಂದ ಒಂದು ಮದುವೆಯ ಟೈಟಲನ್ನು ಎರಡರಲ್ಲೂ ಹಾಕಿ ಒಟ್ಟಿಗೆ ಶುರು ಮಾಡಿದರು. ಅರಮನೆಯ ಬಾಗಿಲು ತೆರೆಯುತ್ತದೆ, ಒಳಗೆ ಫೋಟೋಗಳ ಒಂದು ಚೌಕ ತಿರುಗುತ್ತದೆ, ಮೇಲಿಂದ ಹೂವು ಬೀಳುತ್ತವೆ, ಹಿಂದೆ ಶಹನಾಯಿ. ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರೆಯುತ್ತಿದೆ ಎಂಬ ಅಂಕಿ ಓಡುತ್ತಿತ್ತು. ಬಲಗಡೆಯದು ನಲವತ್ತರ ಆಸುಪಾಸಿನಲ್ಲಿತ್ತು. ಎಡಗಡೆಯದು ಇಪ್ಪತ್ತು ಮುಟ್ಟಲಾರದೆ ಏಗುತ್ತಿತ್ತು. ಬಲಗಡೆ ಹೂವು ತೇಲುತ್ತಾ ಬಂದವು, ಎಡಗಡೆ ಮೆಟ್ಟಿಲಿಳಿದಂತೆ ಕುಪ್ಪಳಿಸಿದವು.

"ಫರಕ್ ನೋಡ್ರಿ," ಎಂದ ಅಜೀಮುದ್ದೀನ್.

ಸಂಘರತ್ನ ಕುರ್ಚಿ ಎಳೆದುಕೊಂಡು ಎಡಗಡೆಯ ಪರದೆಯ ಎದುರು ಕೂತ. ತಲೆ ಸ್ವಲ್ಪ ಓರೆ ಮಾಡಿ, ಮುಖ ಮುಂದಕ್ಕೆ ಚಾಚಿದ.

"ಎಷ್ಟು ಸಾಫ್ ಹೊಂಟಾದ ನೋಡು, ಕಿರಣ್ಯಾ. ನಾ ಹೇಳಿದ್ದಿಲ್ಲೇನು?"

ಬಸವಕಿರಣ ಎಡಗಡೆಯ ಪರದೆ ನೋಡಿದ. ಫೋಟೋಗಳ ಚೌಕ ಅರ್ಧ ತಿರುಗಿ ನಿಂತಿತ್ತು. ಹೂವುಗಳು ಗಾಳಿಯಲ್ಲಿ ಸಿಕ್ಕಿಕೊಂಡಿದ್ದವು. ಮೂಲೆಯ ಅಂಕಿಯೂ ಅಲುಗುತ್ತಿರಲಿಲ್ಲ. ಚಿತ್ರ ಸತ್ತುಹೋಗಿತ್ತು, ಶಹನಾಯಿ ಮಾತ್ರ ನಡೆದಿತ್ತು.

"ಹೂವು ಹ್ಯಾಂಗ ಬೀಳಾಕತ್ತಾವ ನೋಡು," ಎಂದ ಸಂಘರತ್ನ, ಶಹನಾಯಿಯ ಲಯಕ್ಕೆ ಬೆರಳಾಡಿಸುತ್ತಾ. "ಬೆಣ್ಣಿ ಇದ್ದಂಗ ಅದ. ಇದೇ ಒಯ್ಯಮು."

ಅಜೀಮುದ್ದೀನ್ ಬಸವಕಿರಣನ ಕಡೆ ನೋಡಿದ. ಬಸವಕಿರಣ ಅವನ ಕಡೆ ನೋಡಿದ. ಸಂಘರತ್ನ ನಗುಮುಖದಿಂದ ನಿಂತ ಚಿತ್ರವನ್ನೇ ನೋಡುತ್ತಿದ್ದ. ಆ ನಗು ನಿಧಾನಕ್ಕೆ ಇಳಿಯಿತು. ಇಬ್ಬರ ಮೌನ ಅವನಿಗೆ ಕೇಳಿಸಿರಬೇಕು.

"ಯಾಕ? ಏನಾಯ್ತು?"

"ಸಂಘಾ," ಎಂದ ಬಸವಕಿರಣ. "ಚಿತ್ರ ನಿಂತಾದ."

ಸಂಘರತ್ನ ಕೈ ಚಾಚಿ ಪರದೆಯ ಗಾಜನ್ನು ಮುಟ್ಟಿದ. ಮುಟ್ಟಿದರೆ ತಿಳಿಯುವುದೇನೋ ಎಂಬಂತೆ. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅಜೀಮುದ್ದೀನ್ ಎದ್ದು ಶಹನಾಯಿಯ ದನಿ ಬಂದ್ ಮಾಡಿ, "ಚಾಯ್ ಹೇಳಿ ಬರ್ತೀನ್ರಿ," ಎಂದು ಹೊರಗೆ ಹೋದ. ಹೋದವನು ಬಹಳ ಹೊತ್ತು ಬರಲಿಲ್ಲ.

ಹಳೆಯ ಮಾದರಿಯ ಕಾರ್ಡನ್ನೇ ಕೊಂಡರು. ಹೊರಗೆ ಬಂದಾಗ ಬಸವಕಿರಣ ಕೈ ಚಾಚಿ, "ಕೀಲಿ ಕೊಡು," ಎಂದ. ಸಂಘರತ್ನ ಕೊಟ್ಟ. ಬರುವಾಗ ಆ ಲಾರಿಯ ಹಿಂದೆ ಯಾಕೆ ಅಂಟಿಕೊಂಡಿದ್ದನೆಂದು ಬಸವಕಿರಣನಿಗೆ ಆಗ ಹೊಳೆಯಿತು. ಲಾರಿಯ ದೊಡ್ಡ ಬೆನ್ನು ಬಿಟ್ಟರೆ ರಸ್ತೆಯಲ್ಲಿ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

ರಾಜೇಶ್ವರ ಊರು ಸಮೀಪಿಸುವಾಗ ಬಸವಕಿರಣ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ.

"ಯಾವಾಗಿಂದ?"

"ಹೋದ ವರ್ಷದ ಚಳಿಗಾಲದಿಂದ. ಮೊದ್ಲ ಜೇಡರ ಬಲಿ ಥರಾ ಕಪ್ಪು ಎಳಿ ಕಾಣ್ತಿದ್ವು. ಕಣ್ಣು ತಿಕ್ಕಿದ್ರ ಹೋಗ್ತಾವ ಅಂದ್ಕೊಂಡೆ. ಆಮ್ಯಾಲ ಎಲ್ಲಾ ಮಬ್ಬಾಯ್ತು. ಒಂದೊಂದು ದಿನ ಚಲೋ ಕಾಣ್ತದ, ಆಗ ಕಡಿಮಿ ಆಯ್ತು ಅನಸ್ತದ."

"ಶುಗರಿನ ಗುಳಿಗಿ?"

ಸಂಘರತ್ನ ಬೇವಿನ ಬೊಡ್ಡೆಗೆ ಒರಗಿದ. ಇಪ್ಪತ್ತಾರನೇ ವಯಸ್ಸಿಗೇ ಅವನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮದುವೆ ಸೀಜನ್ನಿನಲ್ಲಿ ಗುಳಿಗೆ, ಊಟ, ನಿದ್ದೆ ಯಾವುದಕ್ಕೂ ಹೊತ್ತು ಇರುತ್ತಿರಲಿಲ್ಲ.

"ನನಗ ಹೇಳಬಾರದಿತ್ತೇನು?"

"ಹೇಳಿದ್ರ ಏನ್ ಮಾಡ್ತಿದ್ದಿ? ಆ ಕುರ್ಚಿ ಮ್ಯಾಲ ಬ್ಯಾರೆಯವರಿಗಿ ಕೂಡಸ್ತಿದ್ದಿ."

"ದವಾಖಾನಿಗಿ ಒಯ್ತಿದ್ದೆ, ಮಾರಾಯಾ! ಗಾಡಿ ಮ್ಯಾಲ ನನ್ನ ಕೂಡಿಸ್ಕೊಂಡು ಬಂದಿ. ಎದುರಿಗಿ ಬಸ್ ಬಂದಿದ್ರ?"

"ಸಪ್ಪಳ ಕೇಳ್ತಿತ್ತು," ಎಂದ ಸಂಘರತ್ನ, ಬಹಳ ಮೆಲ್ಲಗೆ. ಆಮೇಲೆ, "ಕಾರ್ಡಿಂದೇ ತಪ್ಪು ಅಂತ ನಾನೂ ನಂಬಿದ್ದೆ, ಕಿರಣ್ಯಾ. ಸುಳ್ಳು ಹೇಳಾಕತ್ತಿಲ್ಲ. ಹೊಸಾ ಕಾರ್ಡ್ ಬಂದ್ರ ಎಲ್ಲಾ ಸಾಫ್ ಕಾಣ್ತದ ಅಂತ ಖರೇನೇ ಅಂದ್ಕೊಂಡಿದ್ದೆ," ಎಂದ.

ಹೆದ್ದಾರಿಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು. ಅದರ ಧೂಳು ಇಳಿಯುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.

ಮನೆಯಲ್ಲಿ ಧನಶ್ರೀಗೆ ಹೇಳುವ ಕೆಲಸವೂ ಬಸವಕಿರಣನ ಪಾಲಿಗೇ ಬಂತು. ಅವಳು ಅಳಲಿಲ್ಲ. ಜೋಳದ ಹಿಟ್ಟು ಹತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು, "ಅದಕ್ಕೇ ಏನ್ರಿ, ತಾಟಿನಾಗ ಪಲ್ಯ ಎಲ್ಲಿ ಅದ ಅಂತ ಕೈಲೆ ಹುಡುಕ್ತಿದ್ರು," ಎಂದಳು. "ನಾ ಏನೋ ವಿಚಾರದಾಗ ಅದಾರ ಅಂದ್ಕೊಂಡೆ, ಕಿರಣಣ್ಣಾ."

ಸೊಲ್ಲಾಪುರದ ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ ಬಹಳ ಹೊತ್ತು ಬರೆದರು. ಕಣ್ಣಿನ ಒಳಪದರದಲ್ಲಿ ರಕ್ತ ಸೋರಿದೆ, ಬಲಗಣ್ಣು ಹೋಗಿದೆ, ಎಡಗಣ್ಣಿಗೆ ಲೇಸರ್ ಕೊಟ್ಟು ನೋಡೋಣ, ಹೋದ ವರ್ಷವೇ ಬಂದಿದ್ದರೆ ಮಾತು ಬೇರೆ ಇರುತ್ತಿತ್ತು ಎಂದರು. ಮುಂಗಾರಿನವರೆಗೂ ಅಲ್ಲಿಗೆ ಓಡಾಟ ನಡೆಯಿತು. ಪ್ರತಿ ಸಲವೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಂಘರತ್ನ, ಅವನ ಪಕ್ಕ ಧನಶ್ರೀ, ಹಿಂದಿನ ಸೀಟಿನಲ್ಲಿ ಬಸವಕಿರಣ. ಮೊದಮೊದಲು ಸಂಘರತ್ನ, "ಅಕಾ ನೋಡು, ಹಸರು ಕಾಣಾಕತ್ತಾದ," ಎನ್ನುತ್ತಿದ್ದ. ಆಮೇಲೆ ಎನ್ನುವುದನ್ನು ಬಿಟ್ಟ. ಮಳೆಗಾಲ ಮುಗಿಯುವಷ್ಟರಲ್ಲಿ ಅವನಿಗೆ ಹಗಲಿದೆಯೋ ಇಲ್ಲವೋ ಎನ್ನುವುದಷ್ಟೇ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ಹೊಸದಾಗಿ ತಂದ ಕಾರ್ಡು ಚೆನ್ನಾಗಿ ಕೆಲಸ ಮಾಡಿತು. ಟೈಟಲುಗಳು ತಡವರಿಸಲಿಲ್ಲ, ಮಷೀನು ನಿಲ್ಲಲಿಲ್ಲ. ಆ ಕುರ್ಚಿಯಲ್ಲಿ ಈಗ ಬಸವಕಿರಣ ಕೂಡುತ್ತಿದ್ದ. ಅವನಿಗೆ ಕ್ಯಾಮೆರಾ ಹಿಡಿಯುವ ಕೈ ಇತ್ತು, ಬಣ್ಣದ ಕಣ್ಣು ಇರಲಿಲ್ಲ. ಕೆಂಪು ಇಷ್ಟು, ನೀಲಿ ಇಷ್ಟು ಎಂದು ಒಮ್ಮೆ ಸರಿ ಬಂದ ಅಂಕಿಗಳನ್ನೇ ಎಲ್ಲ ಮದುವೆಗಳಿಗೂ ಹಾಕುತ್ತಿದ್ದ. ಯಾರೂ ಕಾಮಾಲೆ ಎನ್ನಲಿಲ್ಲ. ಬೀದರ್‌ನಿಂದ ಹುಡುಕಿಕೊಂಡೂ ಯಾರೂ ಬರಲಿಲ್ಲ. ಸಂಘರತ್ನನಿಗೆ ಸೇರಬೇಕಾದ ಪಾಲನ್ನು ಮನೆಗೆ ಕಳಿಸಿದರೆ ಸಂಘರತ್ನ ವಾಪಸ್ ಮಾಡು ಎನ್ನುತ್ತಿದ್ದ, ಧನಶ್ರೀ ಅವನಿಗೆ ತಿಳಿಯದ ಹಾಗೆ ತೆಗೆದುಕೊಳ್ಳುತ್ತಿದ್ದಳು.

ಮೊದಲು ದಿನಾ ಸಂಜೆ ಅವನ ಮನೆಗೆ ಹೋಗುತ್ತಿದ್ದ ಬಸವಕಿರಣ, ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದ. ಹೋದರೆ ಮಾತಿಗೆ ಏನೂ ಸಿಗುತ್ತಿರಲಿಲ್ಲ. ಇಬ್ಬರೂ ಹಿಂದೆಲ್ಲ ಮಾತಾಡುತ್ತಿದ್ದುದು ನೋಡಿದ್ದರ ಬಗ್ಗೆಯೇ. ಸಂಘರತ್ನನ ತಾಯಿ ಸುಂದರಬಾಯಿ ಹೊಸ್ತಿಲಲ್ಲಿ ಕೂತು, "ಬಾ ಯಪ್ಪಾ," ಎನ್ನುತ್ತಿದ್ದಳು. ಚಹಾ ಕುಡಿದು ಬರುವುದಾಗುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಸಂಘರತ್ನನ ತಂಗಿ ಪ್ರಜ್ಞಾಳ ಮದುವೆ ಕೊಹಿನೂರಿನಲ್ಲಿ ಆಯಿತು. ಬುದ್ಧನ ಮೂರ್ತಿಯ ಎದುರು ಮೇಣದ ಬತ್ತಿ ಹಚ್ಚಿ, ವಂದನೆ ಹೇಳಿ, ಗಂಡು ಹೆಣ್ಣು ಇಬ್ಬರೂ ಬಿಳಿ ಬಟ್ಟೆಯಲ್ಲಿ ನಿಂತು ಮಾಲೆ ಹಾಕಿಕೊಂಡರು. ಚಿತ್ರೀಕರಣ ಬಸವಕಿರಣನೇ ಮಾಡಿದ. ಸಂಘರತ್ನ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಕ್ಯಾಮೆರಾ ತನ್ನ ಕಡೆ ತಿರುಗಿದಾಗ ಅವನಿಗೆ ಹೇಗೋ ಗೊತ್ತಾಗಿ ಮುಖ ಬಗ್ಗಿಸುತ್ತಿದ್ದ.

ನಾಲ್ಕೈದು ದಿನಗಳ ನಂತರ ಮಧ್ಯಾಹ್ನ, ಮಹಡಿಯ ಮೆಟ್ಟಿಲುಗಳ ಮೇಲೆ ನಿಧಾನದ ಹೆಜ್ಜೆ ಸಪ್ಪಳವಾಯಿತು. ಧನಶ್ರೀಯ ಹೆಗಲು ಹಿಡಿದು ಸಂಘರತ್ನ ಬಂದ. ಹುಮನಾಬಾದಿಗೆ ಹೋಗಿಬಂದ ಮೇಲೆ ಅವನು ಅಂಗಡಿಗೆ ಬಂದದ್ದು ಅದೇ ಮೊದಲು. ಬಸವಕಿರಣ ಎದ್ದು ತನ್ನ ಕುರ್ಚಿ ಸರಿಸಿದ. ಸಂಘರತ್ನ ಕೈಯಿಂದ ತಡವಿ, ಅದನ್ನು ಬಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತ. ಧನಶ್ರೀ ಗೋಡೆಯ ಬೆಂಚಿನ ಮೇಲೆ ಕೂತಳು.

"ಪ್ರಜ್ಞಾಂದು ಹಚ್ಚು," ಎಂದ.

ಬಸವಕಿರಣ ಹಚ್ಚಿದ. ವಂದನೆಯ ದನಿ ಕೋಣೆಯಲ್ಲಿ ತುಂಬಿತು.

"ಬಿಳಿ ಸೀರಿ ಹ್ಯಾಂಗ ಬಂದಾದ?"

ಬಸವಕಿರಣ ಪರದೆ ನೋಡಿದ. ಸೀರೆ ಗುಲಾಬಿಯಾಗಿ ಕಾಣುತ್ತಿತ್ತು. ತೆಗೆಯುವುದು ಹೇಗೆಂದು ಎರಡು ದಿನದಿಂದ ಒದ್ದಾಡಿದ್ದ.

"ಹಾಲಿನಂಗ ಬಂದಾದ."

ಸಂಘರತ್ನ ತಲೆಯಾಡಿಸಿದ. ಸ್ವಲ್ಪ ಹೊತ್ತು ಕೇಳುತ್ತಾ ಕೂತು, "ಶಾಮಿಯಾನಾ ಯಾವ ಬಣ್ಣದ್ದು ಹಾಕಿದ್ರು?" ಎಂದ.

"ಕೆಂಪು."

"ಹಂಗಾದ್ರ ಬಿಳಿ ಬೆಳ್ಳಗ ಬಂದಿರಲ್ಲ."

ಬಸವಕಿರಣ ಮೌಸ್ ಹತ್ತಿರ ಎಳೆದುಕೊಂಡ.

"ಸುಳ್ಳು ಯಾಕ ಹೇಳ್ತಿ? ಕೆಂಪು ಇಳಸು. ಪೂರಾ ಚಿತ್ರದಾಗ ಇಳಸಬ್ಯಾಡ, ಬೆಳಕು ಇದ್ದಲ್ಲಿ ಅಷ್ಟೇ. ಮುಖ ಮುಟ್ಟಬ್ಯಾಡ. ಸ್ವಲ್ಪ ಹಸರು ಏರಸು."

ಬಸವಕಿರಣ ಹೇಳಿದಂತೆ ಮಾಡಿದ. ಸೀರೆಯ ಬಣ್ಣ ಬದಲಾಗುತ್ತಿತ್ತು, ಸರಿಯಾಯಿತೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಎಷ್ಟೋ ವರ್ಷಗಳ ರೂಢಿಯಂತೆ ಪರದೆಯನ್ನು ಸಂಘರತ್ನನ ಕಡೆ ತಿರುಗಿಸಿ, "ಈಗ ನೋಡು," ಎಂದುಬಿಟ್ಟ.

ಮಾತು ಬಾಯಿಂದ ಹೋದ ಮೇಲೆ ಅದನ್ನು ಹಿಡಿಯುವ ದಾರಿ ಇರಲಿಲ್ಲ. ಸಂಘರತ್ನ ಮುಖವನ್ನು ಪರದೆಯ ಕಡೆಗೇ ಇಟ್ಟುಕೊಂಡು ಕೂತಿದ್ದ. ಅವನ ಕೆನ್ನೆಯ ಮೇಲೆ ಪರದೆಯ ಬೆಳಕು ಅಲುಗುತ್ತಿತ್ತು. ಚಿತ್ರದೊಳಗಿನಿಂದ ಪ್ರಜ್ಞಾಳ ನಗು ಕೇಳಿಸಿತು. ಯಾರೋ ಏನೋ ಹೇಳಿ ಮದುಮಗಳನ್ನು ನಗಿಸಿದ್ದರು.

"ಈಗ ನೀಲಿ ಆಯ್ತು, ಅಣ್ಣಾ," ಎಂದಳು ಧನಶ್ರೀ, ಬೆಂಚಿನಿಂದ. "ಒಂದೀಟು ಹಿಂದ ತಗೊಂಬರ್ರಿ."

ಬಸವಕಿರಣ ಹಿಂದಕ್ಕೆ ತಂದ.

"ಇನ್ನಾ ಒಂದೀಟು. ಹ್ಞಾಂ. ಅಲ್ಲೇ ಇರ್ಲಿ. ಆಕಿ ಸೀರಿ ಅವತ್ತು ಹಿಂಗೇ ಇತ್ತು."

ಬಸವಕಿರಣ ತಿರುಗಿ ನೋಡಿದ. ಅವಳು ಎದ್ದು ಪರದೆಯ ಹತ್ತಿರ ಬಂದಿದ್ದಳು. ಮುಂದಿನ ದೃಶ್ಯ ಬಂದಾಗ ಯಾರೂ ಕೇಳುವ ಮೊದಲೇ, "ಇಲ್ಲಿ ಅತ್ತಿ ಮುಖ ಕಪ್ಪಾಗ್ಯಾದ," ಎಂದಳು. ಏನು ಮಾಡಬೇಕೆಂದು ಸಂಘರತ್ನ ಹೇಳಿದ. ಬಸವಕಿರಣ ಮಾಡಿದ. ಆಗಿದೆಯೋ ಇಲ್ಲವೋ ಅವಳು ಹೇಳಿದಳು. ಹೀಗೇ ಆರೇಳು ದೃಶ್ಯಗಳು ಮುಗಿದವು. ನಡುನಡುವೆ ಸಂಘರತ್ನನ ಮಾತು ಕಡಿಮೆಯಾಗುತ್ತಾ ಬಂತು. ಅವಳೇ ಎರಡು ಸಲ ಕೆಂಪನ್ನೋ ಹಸಿರನ್ನೋ ಹೆಸರಿಸಿ ಹೇಳಿದಳು, ಸರಿಯಾಗಿಯೇ ಹೇಳಿದಳು. ಬಸವಕಿರಣ ಅವಳು ಹೇಳಿದಂತೆಯೇ ಮಾಡಿದ.

ಸಂಘರತ್ನ ಎದ್ದು ನಿಂತ.

"ಯಾಕ್ರಿ?" ಎಂದಳು ಧನಶ್ರೀ.

"ಏನಿಲ್ಲ. ಸೆಕಿ ಅದ. ನೀವು ಮಾಡ್ರಿ."

ಅವಳು ಹೆಗಲು ಕೊಡಲು ಬಂದರೆ ಬೇಡವೆಂದ. ಗೋಡೆ ಹಿಡಿದು, ಬಾಗಿಲ ಚೌಕಟ್ಟು ತಡವಿ, ಹೊರಗಿನ ಮೊದಲನೇ ಮೆಟ್ಟಿಲ ಮೇಲೆ ಕೂತ. ಕೆಳಗೆ ಪೇಟೆಯಲ್ಲಿ ತಳ್ಳುಗಾಡಿಯವರು ಕೂಗುತ್ತಿದ್ದರು. ಬಿಸಿಲು ನೇರ ಅವನ ಮುಖದ ಮೇಲೆ ಬೀಳುತ್ತಿತ್ತು, ಅವನು ಕಣ್ಣು ಮುಚ್ಚಲಿಲ್ಲ. ಒಳಗೆ ಧನಶ್ರೀ ಬಣ್ಣ ಹೇಳುವುದೂ, ಬಸವಕಿರಣ ಹ್ಞೂಂ ಎನ್ನುವುದೂ ಕೇಳುತ್ತಿತ್ತು. ಅವರು ಕೆಲಸ ಮುಗಿಸಿ ಕರೆಯುವವರೆಗೂ ಅವನು ಅಲ್ಲಿಂದ ಏಳಲಿಲ್ಲ.